ಜ್ವಾಲಾಮುಖಿಯ ಮೇಲೆ ಸೂರ್ಯೋದಯ: ಬಾತೂರ್, ಬ್ರೋಮೊ, ಈಜೆನ್ – ಯಾರಿಗೆ ಯಾವುದು?

ಬೆಂಗಳೂರಿನಿಂದ ಬಾಲಿಗೆ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ ನಮ್ಮ ಹುಬ್ಬಳ್ಳಿ-ಧಾರವಾಡದಿಂದ ಅತ್ತ ಹೋಗುವವರು ಹೆಚ್ಚಾಗಿದ್ದಾರೆ. ಹೋಗುವ ಮುಂಚೆ ನನಗೆ ಫೋನ್ ಮಾಡುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾರ, ನಡುರಾತ್ರಿ ಎಬ್ಬಿಸಿ ಕರ್ಕೊಂಡು ಹೋಗಿ ಜ್ವಾಲಾಮುಖಿ ಮ್ಯಾಲೆ ಸೂರ್ಯ ಹುಟ್ಟೋದು ತೋರಿಸ್ತಾರಂತಲ್ಲ, ಅದರಾಗ ಯಾವುದು ಚಲೋ?"

ನಾನು ತಿರುಗಿ ಕೇಳುವುದೂ ಒಂದೇ: "ನಿಮ್ಮ ಜೋಡಿ ಯಾರ‍್ಯಾರು ಬರ್ತಾರ?"

ಎರಡು ಸಲ ಈ ರಾತ್ರಿಯ ಪ್ರವಾಸ ಮಾಡಿದ್ದೇನೆ. ಮೊದಲ ಸಲ ಇಬ್ಬರು ಗೆಳೆಯರ ಜೊತೆ ಬಾಲಿಯ ಪಕ್ಕದ ಜಾವಾ ದ್ವೀಪದ ಬ್ರೋಮೊ ಮತ್ತು ಈಜೆನ್. ಎರಡನೆಯ ಸಲ 2024ರ ಮೇ ತಿಂಗಳಲ್ಲಿ ಹೆಂಡತಿ, ಮಗಳು ಮತ್ತು 62 ವರ್ಷದ ನಮ್ಮ ಅತ್ತಿಯವರನ್ನು ಕರೆದುಕೊಂಡು ಬಾಲಿಯ ಬಾತೂರ್. ಮೂರು ಬೆಳಗುಗಳಲ್ಲಿ ಸೂರ್ಯ ಚೆನ್ನಾಗಿ ಕಂಡದ್ದು ಒಮ್ಮೆ ಮಾತ್ರ. ಈಜೆನ್‌ನಲ್ಲಿ ಮಂಜು ಮುಸುಕಿತ್ತು, ಬಾತೂರ್‌ನಲ್ಲಿ ನಾವೇ ತಡವಾಗಿ ಮುಟ್ಟಿದೆವು. ಹಾಗಾಗಿ ಆರಿಸುವ ಮುಂಚೆ ಏನೇನು ತೂಗಬೇಕು ಎಂಬುದನ್ನು ಮೊದಲು ಹೇಳುತ್ತೇನೆ, ಗುಡ್ಡಗಳ ವಿಷಯ ಆಮೇಲೆ.

ತೂಗಬೇಕಾದದ್ದು

ಮೊದಲನೆಯದು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು ಎಂಬುದು. ಇಪ್ಪತ್ತೈದರ ಹುಡುಗನ ಉಮೇದಿನ ಮೇಲೆ ಗುಡ್ಡ ಆರಿಸಿದರೆ ಅವನ ಅವ್ವ ಕತ್ತಲಲ್ಲಿ ಕಲ್ಲಿನ ಮೇಲೆ ಕುಳಿತು ಅಳಬೇಕಾಗುತ್ತದೆ. ಮೊಣಕಾಲು, ಉಸಿರು, ರಕ್ತದೊತ್ತಡ, ಈ ಮೂರನ್ನು ಒಬ್ಬೊಬ್ಬರದ್ದೂ ಕೇಳಿಕೊಳ್ಳಿ. ಏರುವುದಕ್ಕಿಂತ ಇಳಿಯುವುದು ಕಷ್ಟ ಎಂಬುದೂ ನೆನಪಿರಲಿ.

ಎರಡನೆಯದನ್ನು ಯಾವ ಏಜೆಂಟನೂ ಹೇಳುವುದಿಲ್ಲ. ಮೋಡ ಕವಿದು ಸೂರ್ಯ ಕಾಣದೇ ಹೋದರೆ ಆ ರಾತ್ರಿಯಲ್ಲಿ ಏನು ಉಳಿಯುತ್ತದೆ? ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಏಕೆಂದರೆ ಮೋಡದ ಮೇಲೆ ಯಾರ ಹಿಡಿತವೂ ಇಲ್ಲ, ಕೊಟ್ಟ ರೊಕ್ಕ ತಿರುಗಿ ಬರುವುದಿಲ್ಲ. ಸೂರ್ಯನೊಂದನ್ನೇ ನಂಬಿಕೊಂಡ ಗುಡ್ಡ ಬೇರೆ, ಸೂರ್ಯ ಬರದಿದ್ದರೂ ನೋಡಲು ಏನಾದರೂ ಇರುವ ಗುಡ್ಡ ಬೇರೆ.

ಮೂರನೆಯದು ನಿದ್ದೆ. ಬಾಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ, ಪೂರ್ವ ಜಾವಾದ್ದು ಒಂದೂವರೆ ತಾಸು ಮುಂದೆ. "ರಾತ್ರಿ 8ಕ್ಕೆ ಮಲಗಿ, 2ಕ್ಕೆ ಗಾಡಿ ಬರುತ್ತದೆ" ಎನ್ನುತ್ತಾರೆ. ಬಾಲಿಯ 8 ಗಂಟೆ ಎಂದರೆ ನಮ್ಮ ಮೈಗೆ ಸಂಜೆ ಐದೂವರೆ, ಚಹಾ ಕುಡಿಯುವ ಹೊತ್ತು. ಆಗ ಯಾರಿಗೆ ನಿದ್ದೆ ಬರುತ್ತದೆ? ಮುಟ್ಟಿದ ಮರುದಿನವೇ ಗುಡ್ಡ ಇಟ್ಟುಕೊಂಡರೆ ಕಣ್ಣು ಮುಚ್ಚದೆಯೇ ಹೊರಡುತ್ತೀರಿ. ಮೂರನೆಯ ಅಥವಾ ನಾಲ್ಕನೆಯ ರಾತ್ರಿಗೆ ಇಟ್ಟುಕೊಳ್ಳಿ.

ಉಳಿದವು ರೊಕ್ಕ, ಚಳಿ, ಊಟ. ಎಲ್ಲರಿಗೂ ಸಮನಾದ ಖರ್ಚು ಇಷ್ಟು: ಇಂಡೊನೇಷ್ಯಾದಲ್ಲಿ ಇಳಿದ ಮೇಲೆ ಪಡೆಯುವ 30 ದಿನದ ವೀಸಾಕ್ಕೆ 5 ಲಕ್ಷ ರುಪಿಯಾ, ಬಾಲಿಗೆ ಕಾಲಿಡುವ ವಿದೇಶಿಗರಿಗೆ 2024ರ ಫೆಬ್ರವರಿಯಿಂದ 1.5 ಲಕ್ಷ ರುಪಿಯಾ ಪ್ರವಾಸಿ ಶುಲ್ಕ. ಲಕ್ಷ ಎಂದು ಗಾಬರಿಯಾಗಬೇಡಿ. ನಮ್ಮ ಒಂದು ರೂಪಾಯಿಗೆ ಅವರ 180-190 ರುಪಿಯಾ ಬರುತ್ತವೆ, ಅಂದರೆ ಎರಡೂ ಕೂಡಿ ತಲೆಗೆ ಸುಮಾರು 3,500 ರೂಪಾಯಿ.

ಕಾಲದ ಬಗ್ಗೆ ಒಂದು ಮಾತು. ಈ ಊರುಗಳು ಭೂಮಧ್ಯರೇಖೆಯ ಆಚೆ ಇವೆ. ನಮ್ಮಲ್ಲಿ ಮುಂಗಾರು ಜಡಿಯುವಾಗ ಅಲ್ಲಿ ಬಿಸಿಲು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಆಕಾಶ ಬಿಚ್ಚಿರುವ ಸಾಧ್ಯತೆ ಹೆಚ್ಚು. ನಮ್ಮವರು ಹೆಚ್ಚಾಗಿ ಹೊರಡುವ ಡಿಸೆಂಬರ್ ಕೊನೆಯ ರಜೆ ಅಲ್ಲಿ ಜೋರು ಮಳೆಗಾಲ. ಮಕ್ಕಳ ಬೇಸಿಗೆ ರಜೆ ಎಷ್ಟೋ ಮೇಲು.

ಬಾತೂರ್: ಹತ್ತಿರ, ಅಗ್ಗ, ಆದರೆ ನಡೆಯಬೇಕು

ಬಾಲಿಯ ಬಾತೂರ್ 1,717 ಮೀಟರ್ ಎತ್ತರ. ಒಂದು ಕಾಲದ ಭಾರೀ ಜ್ವಾಲಾಮುಖಿ ಕುಸಿದು ಆದ 13 ಕಿ.ಮೀ. ಉದ್ದ, 10 ಕಿ.ಮೀ. ಅಗಲದ ಬಟ್ಟಲಿನ ನಡುವೆ ಇದು ಎದ್ದು ನಿಂತಿದೆ, ಪಕ್ಕಕ್ಕೆ ಕೆರೆ. 1926ರ ಲಾವಾದಲ್ಲಿ ಬಾತೂರ್ ಎಂಬ ಊರೇ ಮುಚ್ಚಿಹೋಯಿತು. ಊರಿನವರು ತಮ್ಮ ದೇವಿಯನ್ನು ಬಟ್ಟಲಿನ ಅಂಚಿನ ಮೇಲೆ ಒಯ್ದು ಹೊಸ ಗುಡಿ ಕಟ್ಟಿದರು. ಈಗಿನ ಉಲುನ್ ದಾನು ಬಾತೂರ್ ಗುಡಿ ಅದೇ, ಇಳಿದು ಬರುವಾಗ ತಪ್ಪದೆ ನೋಡಿ.

ಉಬುದ್ ಕಡೆ ಉಳಿದಿದ್ದರೆ ರಾತ್ರಿ 2ರ ಸುಮಾರಿಗೆ ಗಾಡಿ ಬರುತ್ತದೆ. 4ರ ಹೊತ್ತಿಗೆ ಹತ್ತಲು ಶುರು, ಎರಡು ತಾಸು ಏರು, ಆರು-ಆರೂವರೆಯೊಳಗೆ ಸೂರ್ಯ. ಕೆರೆಯ ದಂಡೆಯಿಂದ ನೆತ್ತಿಗೆ 600 ಮೀಟರಿಗೂ ಮಿಕ್ಕಿ ಏರಬೇಕು. ಅಂತಸ್ತಿಗೆ 3 ಮೀಟರ್ ಹಿಡಿದರೆ ಇನ್ನೂರು ಅಂತಸ್ತಿನ ಮೆಟ್ಟಿಲು. ಮೊದಲರ್ಧ ಹೊಲದ ಹಾದಿಯಂತೆ ಸರಳ. ಆಮೇಲೆ ಸಡಿಲ ಕರಿಗಲ್ಲು, ಕೈಗಾಡಿಯಿಂದ ಸುರುವಿದ ಜಲ್ಲಿಯ ರಾಶಿ ಹತ್ತಿದಂತೆ. ಇಟ್ಟ ಹೆಜ್ಜೆ ಅರ್ಧ ಜಾರುತ್ತದೆ.

ನಮ್ಮ ಅತ್ತಿ ದಿನಾ ಕೆಲಗೇರಿ ಕೆರೆಯ ಸುತ್ತ ನಡೆಯುವವರು. ಆದರೂ ಕೊನೆಯ ಅರ್ಧ ತಾಸಿನ ಏರು ಉಳಿದಿರುವಾಗ ಒಂದು ಬಂಡೆಗೆ ಆತು ನಿಂತು, "ಅಳ್ಯಾರ, ನೀವು ಮುಂದ ಹೋಗ್ರಿ, ನಾ ಇಲ್ಲೇ ಕುಂಡರತೇನಿ" ಎಂದರು. ತಪ್ಪು ಅವರದಲ್ಲ. ನಾನು ಬುಕ್ ಮಾಡಿದ ಕಂಪನಿ "ನಿಮ್ಮ ಕುಟುಂಬಕ್ಕಷ್ಟೇ ಗಾಡಿ" ಎಂದು ಹೇಳಿ, ನಮ್ಮನ್ನು ಹತ್ತಿಸಿಕೊಂಡು, ಇನ್ನೂ ನಾಲ್ಕು ಹೋಟೆಲುಗಳನ್ನು ಸುತ್ತಿತು. ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಮುಕ್ಕಾಲು ತಾಸು ಹೋಗಿತ್ತು. ಹೋದ ಹೊತ್ತನ್ನು ಹಿಡಿಯಲು ಮಾರ್ಗದರ್ಶಕ ಓಡಿಸತೊಡಗಿದ, ಅತ್ತಿಯ ಉಸಿರು ಕಟ್ಟಿತು. ನಾವೆಲ್ಲ ಅಲ್ಲೇ ಕುಳಿತೆವು. ಸೂರ್ಯ ನೆತ್ತಿಯ ಆ ಬದಿಗೆ ಹುಟ್ಟಿ, ನಮಗೆ ಕಂಡದ್ದು ಕೆರೆಯ ಮೇಲೆ ಬಿದ್ದ ಬೆಳಕು ಮಾತ್ರ.

ಆದರೂ ಆ ಬೆಳಿಗ್ಗೆಯ ಒಂದು ಗಳಿಗೆ ಮನಸ್ಸಿನಿಂದ ಹೋಗುವುದಿಲ್ಲ. ಬೆಳಕಾದ ಮೇಲೆ ನಿಧಾನವಾಗಿ ಮೇಲೆ ಹೋದೆವು. ಕಲ್ಲಿನ ಸಂದಿಯಿಂದ ಬಿಸಿ ಹಬೆ ಬರುವ ಜಾಗದಲ್ಲಿ ಮಾರ್ಗದರ್ಶಕರು ಬಾಳೆಹಣ್ಣು, ಮೊಟ್ಟೆ ಇಟ್ಟು ಬೇಯಿಸುತ್ತಾರೆ. ಅತ್ತಿ ತಮ್ಮ ಚೀಲದಿಂದ ಬುತ್ತಿ ತೆಗೆದರು: ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಒಂದು ರೊಟ್ಟಿಯನ್ನು ಅಂಗೈ ಮೇಲಿಟ್ಟು ಆ ಹಬೆಗೆ ಹಿಡಿದರು. ಕ್ಷಣದಲ್ಲಿ ರೊಟ್ಟಿ ಮೆತ್ತಗಾಯಿತು. ಮಡಚಿ, ಚಟ್ನಿ ಹಚ್ಚಿ, ಮೊದಲ ತುತ್ತು ಮಾರ್ಗದರ್ಶಕನಿಗೆ ಕೊಟ್ಟರು. ಸೂರ್ಯ ತಪ್ಪಿದ್ದರ ಸಿಟ್ಟು ನನ್ನಲ್ಲಿತ್ತು, ಅವರಲ್ಲಿ ಇರಲಿಲ್ಲ.

ಎರಡನೆಯ ಅಳತೆಗೆ ಬಂದರೆ ಬಾತೂರ್ ಕೊಂಚ ಸೊರಗುತ್ತದೆ. ಅಲ್ಲಿನ ಮುಖ್ಯ ನೋಟ ದೂರದ್ದು: ಕೆರೆ, ಅದರಾಚೆ ಅಬಾಂಗ್, ಅಗುಂಗ್ ಬೆಟ್ಟಗಳು, ಸಮುದ್ರದಾಚೆ ಲೊಂಬೊಕ್ ದ್ವೀಪದ ರಿಂಜಾನಿ. ಮೋಡ ಬಂದರೆ ಎಲ್ಲವೂ ಒಟ್ಟಿಗೆ ಮಾಯ. ಉಳಿಯುವುದು ಹಬೆ ಮತ್ತು ಲಾವಾದ ಕಲ್ಲು.

ಖರ್ಚಿನಲ್ಲಿ ಇದರಷ್ಟು ಹಗುರ ಯಾವುದೂ ಇಲ್ಲ. ಗಾಡಿ, ಮಾರ್ಗದರ್ಶಕ, ಬೆಳಗಿನ ತಿಂಡಿ ಸೇರಿ ನಮಗೆ ತಲೆಗೆ 6 ಲಕ್ಷ ರುಪಿಯಾ ಬಿದ್ದಿತ್ತು, ಬೆಳಿಗ್ಗೆ ಹತ್ತರ ಸುಮಾರಿಗೆ ಹೋಟೆಲಿಗೆ ವಾಪಸ್. ಸ್ಥಳೀಯ ಸಂಘದ ಮಾರ್ಗದರ್ಶಕರಿಲ್ಲದೆ ಹತ್ತಲು ಅಲ್ಲಿ ಬಿಡುವುದಿಲ್ಲ. ಆದ್ದರಿಂದ ಒಬ್ಬರೇ ಹೋಗಿ ಉಳಿಸುತ್ತೇನೆ ಎಂಬ ಲೆಕ್ಕ ಹಾಕಬೇಡಿ.

ನಡೆಯಲಾಗದವರಿಗೆ ಇಲ್ಲೇ ಜೀಪಿನ ಪ್ರವಾಸ ಇದೆ. ನೆತ್ತಿಗೆ ಹೋಗುವುದಿಲ್ಲ, ಗುಡ್ಡದ ಎದುರಿನ ನೋಟದ ಜಾಗಕ್ಕೆ ಒಯ್ದು, ಬೆಳಕಾದ ಮೇಲೆ ಕರಿ ಲಾವಾದ ಬಯಲಿನಲ್ಲಿ ಸುತ್ತಿಸುತ್ತದೆ. ಬೆಲೆ ತಲೆಗಲ್ಲ, ಜೀಪಿಗೆ. ನಾಲ್ವರಿದ್ದರೆ ಹಂಚಿಕೊಂಡು ಸರಿಹೋಗುತ್ತದೆ, ಇಬ್ಬರಿಗೆ ತುಟ್ಟಿ. ನಮ್ಮ ಅತ್ತಿಯನ್ನು ಕರೆದುಕೊಂಡು ಮತ್ತೆ ಹೋದರೆ ನಾನು ಇದನ್ನೇ ಆರಿಸುತ್ತೇನೆ.

ಬ್ರೋಮೊ: ಎಲ್ಲ ವಯಸ್ಸಿನವರಿಗೂ, ಚಳಿ ತಡೆದರೆ

ಪೂರ್ವ ಜಾವಾದ ಬ್ರೋಮೊ 2,329 ಮೀಟರ್. ಇಲ್ಲಿಯ ವ್ಯವಸ್ಥೆ ಬೇರೆ. ಸೂರ್ಯೋದಯವನ್ನು ಬ್ರೋಮೊದ ಮೇಲೆ ನಿಂತು ನೋಡುವುದಿಲ್ಲ, ಎದುರಿನ ಸುಮಾರು 2,770 ಮೀಟರ್ ಎತ್ತರದ ಪೆನಂಜಾಕನ್ ಗುಡ್ಡದಿಂದ ಬ್ರೋಮೊವನ್ನು ನೋಡುತ್ತೀರಿ. ಅಲ್ಲಿಯವರೆಗೂ ಜೀಪು. ಮೊಣಕಾಲು ನೋವಿನವರೂ ಹೋಗಬಹುದು. ಕೆಳಗೆ ಮಂಜು ತುಂಬಿದ ಮರಳಿನ ಬಯಲು, ಅದರ ನಡುವೆ ಮೂರು ಬೆಟ್ಟ, ಹಿಂದೆ ಜಾವಾದ ಅತಿ ಎತ್ತರದ ಸೆಮೇರು (3,676 ಮೀಟರ್) ಆಗಾಗ ಉಗುಳುವ ಹೊಗೆ. ಫೋಟೊಗಳಲ್ಲಿ ಮುಂದೆ ಕಾಣುವ, ಮಡಿಕೆ ಮಡಿಕೆಯ ಚಂದದ ಗೋಪುರದಂಥ ಬೆಟ್ಟವನ್ನೇ ಎಲ್ಲರೂ ಬ್ರೋಮೊ ಎಂದುಕೊಳ್ಳುತ್ತಾರೆ. ಅದು ಬಾತೊಕ್. ಬ್ರೋಮೊ ಅದರ ಪಕ್ಕದ್ದು, ನೆತ್ತಿ ಹಾರಿಹೋಗಿ ಹೊಗೆಯಾಡುವ ಬೋಳು ಬಾಯಿ.

ಸೂರ್ಯ ಹುಟ್ಟಿದ ಮೇಲೆ ಅದೇ ಜೀಪು ಮರಳು ಬಯಲಿಗೆ ಇಳಿಸುತ್ತದೆ. ಅಲ್ಲಿಂದ ನಡೆದು ಅಥವಾ ಕುದುರೆ ಏರಿ ಬುಡಕ್ಕೆ ಹೋಗಿ, ಸುಮಾರು 250 ಮೆಟ್ಟಿಲು ಹತ್ತಿದರೆ ಕುಳಿಯ ಅಂಚು. ಇಣುಕಿದರೆ ಕೆಳಗಿನಿಂದ ಬರುವ ಸದ್ದು ಎದೆಗೆ ತಾಗುತ್ತದೆ, ದೂರದಲ್ಲಿ ಎಲ್ಲೋ ದೊಡ್ಡ ಬಾಯ್ಲರ್ ಕುದಿಯುವಂತೆ. ಅಂಚಿನ ಮೇಲೆ ಒಂದು ಗಣಪ್ಪನ ಮೂರ್ತಿ, ಕೊರಳಲ್ಲಿ ಹೂವು. ಈ ಸುತ್ತಿನ ತೆಂಗರ್ ಜನ ಹಿಂದೂಗಳು. ಮರಳಿನ ಬಯಲಿನಲ್ಲಿಯೇ ಅವರ ಗುಡಿ ಇದೆ. ವರ್ಷಕ್ಕೊಮ್ಮೆ ಕಸದಾ ಹಬ್ಬದ ರಾತ್ರಿ ಬೆಳೆದ ಕಾಯಿಪಲ್ಲೆ, ಕೋಳಿ, ರೊಕ್ಕವನ್ನು ಕುಳಿಗೆ ಅರ್ಪಿಸುತ್ತಾರೆ. ಹೊಲದ ಮೊದಲ ಫಲ ದೇವರಿಗೆ ಎನ್ನುವ ನಮ್ಮ ರೈತರಿಗೆ ಇದು ಹೊಸದೇನಲ್ಲ. ಆ ಗಣಪ್ಪನ ಮುಂದೆ ನಿಂತಾಗ ನನ್ನ ಗೆಳೆಯ ಚಪ್ಪಲಿ ಬಿಟ್ಟು, ಬಿಸಿ ಬೂದಿಯ ಮೇಲೆ ಬರಿಗಾಲಲ್ಲಿ ನಿಂತು ಕೈಮುಗಿದ. ನನಗೂ ಕಣ್ಣು ತುಂಬಿತು.

ಮೋಡ ಬಂದರೂ ಬ್ರೋಮೊ ಕೈಬಿಡುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಸೂರ್ಯ ಕಾಣದಿದ್ದರೂ ಮರಳು ಬಯಲು, ಗುಡಿ, ಕುಳಿ, ಆ ಸದ್ದು ಉಳಿಯುತ್ತವೆ.

ಕೊರತೆ ಎರಡು. ಒಂದು ಚಳಿ: ಜುಲೈ-ಆಗಸ್ಟ್‌ನಲ್ಲಿ ಬೆಳಗಿನ ಜಾವ 5 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಜೊತೆಗೆ ಗಾಳಿ. ಧಾರವಾಡದ ಡಿಸೆಂಬರಿನ ಸ್ವೆಟರ್ ಸಾಲದು. ದುರ್ಗದಬೈಲಿನಲ್ಲಿ ಕೊಂಡ ಮಂಕಿ ಕ್ಯಾಪ್, ಉಣ್ಣೆಯ ಕೈಗವಸು ನನ್ನನ್ನು ಕಾಪಾಡಿದವು. ದಪ್ಪ ಜಾಕೆಟ್ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಎರಡನೆಯದು ದೂರ. ಬಾಲಿಯಿಂದ ಸುರಬಾಯಾಕ್ಕೆ ಇನ್ನೊಂದು ವಿಮಾನ, ಅಲ್ಲಿಂದ ರಸ್ತೆಯಲ್ಲಿ ಮೂರ್ನಾಲ್ಕು ತಾಸು. ಸುರಬಾಯಾದಿಂದ ರಾತ್ರಿ ಹೊರಟು ಮಧ್ಯಾಹ್ನ ತಿರುಗಿ ಬರುವ ಅಗ್ಗದ ಪ್ರವಾಸಗಳಿವೆ, ವಯಸ್ಸಾದವರಿದ್ದರೆ ಅದು ಬೇಡ. ಮರಳು ಬಯಲಿನ ಮೇಲಂಚಿನ ಚೆಮೊರೊ ಲವಾಂಗ್ ಊರಿನಲ್ಲಿ ಹಿಂದಿನ ದಿನವೇ ಮುಟ್ಟಿ ಉಳಿದುಕೊಂಡರೆ ಬೆಳಗಿನ 3ಕ್ಕೆ ಎದ್ದರೆ ಸಾಕು.

ಈಜೆನ್: ಸೂರ್ಯನಿಗಲ್ಲ, ನೀಲಿ ಬೆಂಕಿಗೆ

ಜಾವಾದ ಪೂರ್ವದ ತುದಿಯ ಈಜೆನ್ ಸೂರ್ಯೋದಯದ ಪಟ್ಟಿಯಲ್ಲಿ ಇರುತ್ತದೆ, ಆದರೆ ಅಲ್ಲಿಗೆ ಹೋಗುವುದು ಕತ್ತಲಿಗಾಗಿ. ಕುಳಿಯ ಬಿರುಕುಗಳಿಂದ 600 ಡಿಗ್ರಿಯವರೆಗಿನ ಬಿಸಿಯಲ್ಲಿ ಹೊರಬರುವ ಗಂಧಕದ ಅನಿಲ ಗಾಳಿ ತಾಗಿದೊಡನೆ ಹೊತ್ತಿ ನೀಲಿಯಾಗಿ ಉರಿಯುತ್ತದೆ. ಲಾವಾ ನೀಲಿ ಎಂದು ಹೇಳುವವರಿದ್ದಾರೆ, ಹಾಗಲ್ಲ, ಅದು ಉರಿಯುವ ಗಂಧಕ. ಬೆಳಕು ಹರಿದರೆ ಕಾಣುವುದಿಲ್ಲ. ಬೆಳಗಾದ ಮೇಲೆ ಕಾಣುವುದು ತಿಳಿಹಸಿರು ಬಣ್ಣದ ಕೆರೆ. ಜಗತ್ತಿನ ಅತಿ ದೊಡ್ಡ ಆಮ್ಲದ ಕುಳಿಕೆರೆ ಅದು, ಹತ್ತಿರ ಹೋಗಿ ಕೈ ಅದ್ದುವ ನೀರಲ್ಲ. ಸೂರ್ಯ ಕಾಣದಿದ್ದರೂ ನಷ್ಟವಿಲ್ಲದ ಗುಡ್ಡ ಇದೇ. ನಾವು ಹೋದ ದಿನ ಮಂಜಿನಲ್ಲಿ ಸೂರ್ಯ ಎಲ್ಲಿ ಹುಟ್ಟಿದನೋ ಗೊತ್ತಾಗಲಿಲ್ಲ, ಯಾರಿಗೂ ಬೇಸರವಾಗಲಿಲ್ಲ.

ಆದರೆ ದೇಹ ಕೇಳುವ ಬೆಲೆ ಇಲ್ಲಿ ಹೆಚ್ಚು. ಸುಮಾರು 3 ಕಿ.ಮೀ. ಕಡಿದಾದ ಏರು, ಆಮೇಲೆ ನೀಲಿ ಬೆಂಕಿ ನೋಡಲು ಕುಳಿಯೊಳಗೆ ಕಲ್ಲುಗಳ ನಡುವೆ ಇಳಿದು ಮತ್ತೆ ಹತ್ತಬೇಕು. ಅನಿಲ ಹೆಚ್ಚಿದಾಗ ಕುಳಿಗೆ ಇಳಿಯಲು ಬಿಡುವುದಿಲ್ಲ. ಹೊರಡುವ ಹಿಂದಿನ ದಿನ ಕೇಳಿಕೊಳ್ಳಿ. ಹತ್ತಲು ಆರೋಗ್ಯ ಪ್ರಮಾಣಪತ್ರ ಬೇಕು. ಗಾಳಿ ತಿರುಗಿದರೆ ಗಂಧಕದ ಹೊಗೆ ಮುಖಕ್ಕೆ ಬಡಿಯುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಘಾಟಿಗೆ ಉಸಿರು ಸಿಕ್ಕಿಕೊಂಡದ್ದು ನೆನಪಿದೆಯಲ್ಲ, ಅದಕ್ಕಿಂತ ಕಟು. ಬಟ್ಟೆಯ ಮಾಸ್ಕ್ ಇಲ್ಲಿ ಕೆಲಸಕ್ಕೆ ಬಾರದು, ಫಿಲ್ಟರ್ ಇರುವ ಗ್ಯಾಸ್ ಮಾಸ್ಕ್ ಕೊಡುತ್ತಾರೋ ಇಲ್ಲವೋ ಬುಕ್ ಮಾಡುವಾಗಲೇ ಕೇಳಿ. ದಮ್ಮಿನ ತೊಂದರೆ ಇರುವವರು, ಬಸುರಿಯರು, ಸಣ್ಣ ಮಕ್ಕಳು ಹೋಗಬಾರದು. ಈ ಒಂದು ಮಾತಿನಲ್ಲಿ ನಾನು ಸಡಿಲ ಬಿಡುವುದಿಲ್ಲ.

ಅಲ್ಲಿ ಗಂಧಕ ಹೊರುವವರನ್ನು ನೋಡುತ್ತೀರಿ. ಬಿದಿರಿನ ಎರಡು ಬುಟ್ಟಿ, ನಡುವೆ ಅಡ್ಡೆ, 70ರಿಂದ 90 ಕಿಲೊ ಹಳದಿ ಗಂಧಕ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲರು ಚೀಲ ಹೊರುವುದನ್ನು ನೋಡಿ ಬೆಳೆದವನು ನಾನು, ಆದರೂ ಇದು ಬೇರೆ. ಕತ್ತಲಲ್ಲಿ ಮೊದಲು ಕೇಳುವುದು ಅಡ್ಡೆಯ ಕಿರ್‌ಕಿರ್ ಸದ್ದು, ಆಮೇಲೆ ಉಸಿರು, ಆಮೇಲೆ ಮನುಷ್ಯ. ಅವರು ಬಂದಾಗ ಗುಡ್ಡದ ಬದಿಗೆ ಸರಿದು ಹಾದಿ ಬಿಡಿ, ಮುಖಕ್ಕೆ ಬ್ಯಾಟರಿ ಹಿಡಿಯಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಏರಲಾಗದ ಪ್ರವಾಸಿಗರನ್ನು ಕೈಗಾಡಿಯಲ್ಲಿ ಕೂರಿಸಿ ಇಬ್ಬರು-ಮೂವರು ಎಳೆದೊಯ್ಯುವ ವ್ಯವಸ್ಥೆಯೂ ಇದೆ. ಹೊರುವ ಕೆಲಸ ಬಿಟ್ಟ ಕೆಲವರಿಗೆ ಅದೇ ಈಗ ದುಡಿಮೆ.

ಬಾಲಿಯಿಂದ ಒಂದೇ ರಾತ್ರಿಯಲ್ಲಿ ಈಜೆನ್ ತೋರಿಸುತ್ತೇವೆ ಎನ್ನುವವರಿದ್ದಾರೆ. ಸಂಜೆ ಹೊರಟು, ಗಿಲಿಮನುಕ್‌ನಲ್ಲಿ ಹಡಗು ಹತ್ತಿ ಜಾವಾ ಸೇರಿ, ಗುಡ್ಡ ಹತ್ತಿ ಇಳಿದು, ಮತ್ತೆ ಅದೇ ಹಾದಿ. ನಿಮಗೆ ನಿದ್ದೆ ಇಲ್ಲದಿರುವುದು ಒಂದು ಮಾತು, ವಾಪಸ್ ಬರುವಾಗ ಗಾಡಿ ಹೊಡೆಯುವವನಿಗೂ ನಿದ್ದೆ ಇರುವುದಿಲ್ಲ. ಜಾವಾದ ಬದಿಯ ಬಾನ್ಯುವಾಂಗಿ ಊರಿನಲ್ಲಿ ಒಂದು ರಾತ್ರಿ ಉಳಿಯುವ ಖರ್ಚು ಮಾಡಿ.

ಉಳಿದವು, ಚುಟುಕಾಗಿ

ಲೊಂಬೊಕ್‌ನ ರಿಂಜಾನಿ (3,726 ಮೀಟರ್) ಒಂದು ರಾತ್ರಿಯ ಸೂರ್ಯೋದಯದ ಮಾತಲ್ಲ, ಎರಡು-ಮೂರು ದಿನದ ಚಾರಣ. 2025ರ ಜೂನ್‌ನಲ್ಲಿ ಬ್ರೆಜಿಲ್‌ನ ಯುವತಿಯೊಬ್ಬಳು ಅಲ್ಲಿ ಜಾರಿ ಬಿದ್ದು ತೀರಿಕೊಂಡಳು. ಪಳಗಿದವರಿಗೆ ಮಾತ್ರ. ಬಾಲಿಯ ಅಗುಂಗ್ ಕೂಡ ಹಾಗೆಯೇ.

ಮಗನೋ ಮಗಳೋ ಅಮೆರಿಕದಲ್ಲಿದ್ದು, ಹವಾಯಿಗೆ ಹೋಗುವ ಯೋಗವಿರುವ ಹಿರಿಯರಿಗೆ ಹಲೇಅಕಲಾ ಇದೆ. 3,055 ಮೀಟರ್ ಎತ್ತರದವರೆಗೂ ಡಾಂಬರು ರಸ್ತೆ, ನಡಿಗೆಯೇ ಇಲ್ಲ. ಸ್ವಂತ ಕಾರಿನಲ್ಲಿ ಸೂರ್ಯೋದಯಕ್ಕೆ ಹೋಗಲು ಮೊದಲೇ ಕಾಯ್ದಿರಿಸಬೇಕು, ಶುಲ್ಕ ಒಂದು ಡಾಲರ್. ಸಮುದ್ರದ ಮಟ್ಟದಿಂದ ಕೆಲವೇ ತಾಸಿನಲ್ಲಿ ಅಷ್ಟು ಎತ್ತರ ಮುಟ್ಟುವುದರಿಂದ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಹೋಗಬೇಕು.

ನಮ್ಮ ದೇಶದಲ್ಲಿಲ್ಲವೇ ಎಂದು ಕೇಳುವವರಿಗೆ: ಅಂಡಮಾನಿನ ಬ್ಯಾರನ್ ದ್ವೀಪ ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ. ಪ್ರವಾಸಿಗರು ಇಳಿಯುವಂತಿಲ್ಲ, ಹಡಗಿನಿಂದ ದೂರ ನಿಂತು ನೋಡಬಹುದು. ಅಲ್ಲದೆ ವಿಜಯಪುರದತ್ತ ಹೋಗುವಾಗ ಕಾಣುವ ಕರಿ ಕಲ್ಲು ಕೂಡ 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾನೇ. ಬಾತೂರ್‌ನ ಕರಿಗಲ್ಲು ಕೈಗೆತ್ತಿಕೊಂಡಾಗ ನನಗೆ ಅದೇ ನೆನಪಾಯಿತು.

ಬುಕ್ ಮಾಡುವ ಮುಂಚೆ

ಏಜೆಂಟರನ್ನು ಇಷ್ಟು ಕೇಳಿ, ಉತ್ತರ ವಾಟ್ಸಾಪ್‌ನಲ್ಲಿ ಬರಹದಲ್ಲಿಯೇ ತರಿಸಿಕೊಳ್ಳಿ. ಗಾಡಿ ನಮ್ಮದೊಂದೇ ಹೋಟೆಲಿಗೆ ಬರುತ್ತದೋ, ಊರೆಲ್ಲ ಸುತ್ತುತ್ತದೋ? ಒಬ್ಬ ಮಾರ್ಗದರ್ಶಕನಿಗೆ ಎಷ್ಟು ಜನ? ನಡುದಾರಿಯಲ್ಲಿ ಒಬ್ಬರು ನಿಂತರೆ ಅವರ ಜೊತೆ ಯಾರು ಉಳಿಯುತ್ತಾರೆ? ಜ್ವಾಲಾಮುಖಿ ಎದ್ದು ಹಾದಿ ಮುಚ್ಚಿದರೆ ರೊಕ್ಕ ವಾಪಸ್ಸೋ ಇಲ್ಲವೋ? ಮೂರನೆಯ ಪ್ರಶ್ನೆಗೆ ತಡವರಿಸುವವರ ಹತ್ತಿರ ಬುಕ್ ಮಾಡಬೇಡಿ.

ಇಂಡೊನೇಷ್ಯಾದಲ್ಲಿ ಎಚ್ಚರಿಕೆಗೆ ನಾಲ್ಕು ಮಟ್ಟಗಳಿವೆ: ನಾರ್ಮಲ್, ವಸ್ಪಾದಾ, ಸಿಯಾಗಾ, ಅವಾಸ್. 2023ರ ಡಿಸೆಂಬರ್‌ನಲ್ಲಿ ಸುಮಾತ್ರಾದ ಮರಾಪಿ ಸಿಡಿದು 24 ಚಾರಣಿಗರು ಸತ್ತಾಗ ಅದು ಇದ್ದದ್ದು ಎರಡನೆಯ ಮಟ್ಟದಲ್ಲಿ. ಆದ್ದರಿಂದ 'ವಸ್ಪಾದಾ' ಎಂದಿದ್ದರೆ ಕುಳಿಯಿಂದ ಎಷ್ಟು ದೂರ ಇರಬೇಕೆಂದು ಅಧಿಕಾರಿಗಳು ಹೇಳಿದ್ದಾರೋ ಅದನ್ನು ಪಾಲಿಸಿ, ಏಜೆಂಟನ ಮಾತನ್ನಲ್ಲ. 2024ರ ನವೆಂಬರ್‌ನಲ್ಲಿ ಫ್ಲೋರೆಸ್ ದ್ವೀಪದ ಲೆವೊತೊಬಿ ಜ್ವಾಲಾಮುಖಿಯ ಬೂದಿಯಿಂದ ಬಾಲಿಯ ವಿಮಾನಗಳೇ ರದ್ದಾಗಿದ್ದವು. ವಾಪಸ್ ಬರುವ ದಿನದ ಹಿಂದೆ ಒಂದು ದಿನ ಸಡಿಲ ಇಟ್ಟುಕೊಳ್ಳಿ. ಪ್ರವಾಸ ವಿಮೆಯಲ್ಲಿ ಚಾರಣ ಸೇರಿದೆಯೇ, ಎಷ್ಟು ಎತ್ತರದವರೆಗೆ ಎಂದು ಓದಿ ನೋಡಿ.

ಶಾಕಾಹಾರಿಗಳು ಹಿಂದಿನ ದಿನವೇ 'ತನ್ಪಾ ತೆಲುರ್, ತನ್ಪಾ ಇಕಾನ್' ಅನ್ನಿ, ಮೊಟ್ಟೆ ಇಲ್ಲದೆ, ಮೀನು ಇಲ್ಲದೆ ಎಂದು. ಅಲ್ಲಿಯ ಸಂಬಲ್ ಚಟ್ನಿಯಲ್ಲಿ ತೆರಾಸಿ ಎಂಬ ಸೀಗಡಿಯ ಹಿಂಡಿ ಇರುತ್ತದೆ, ನೋಡಿದರೆ ನಮ್ಮ ಕೆಂಪು ಖಾರದಂತೆಯೇ ಇರುತ್ತದೆ. ಬುತ್ತಿಗೆ ಶೇಂಗಾ ಹೋಳಿಗೆ ಒಯ್ಯಿರಿ, ನಾಲ್ಕು ದಿನ ಕೆಡುವುದಿಲ್ಲ.

ನನ್ನ ಆಯ್ಕೆ ಕೇಳಿದರೆ: ಹಿರಿಯರು, ಮಕ್ಕಳು ಕೂಡಿದ ಮನೆಮಂದಿಗೆ ಎರಡು ದಿನ ಹೆಚ್ಚು ಇದ್ದು, ಇನ್ನೊಂದು ವಿಮಾನದ ಖರ್ಚು ತಡೆಯುವುದಾದರೆ ಬ್ರೋಮೊ. ಅಷ್ಟು ದಿನ, ಅಷ್ಟು ರೊಕ್ಕ ಇಲ್ಲದಿದ್ದರೆ ಬಾತೂರ್‌ನ ಜೀಪು. ಕಾಲು ಗಟ್ಟಿಯಿರುವ ಗಂಡ-ಹೆಂಡತಿ ಬಾಲಿಗಷ್ಟೇ ಹೋಗುತ್ತಿದ್ದರೆ ಬಾತೂರ್‌ನ ನಡಿಗೆ. ಉಸಿರು ಚೆನ್ನಾಗಿರುವ ಗೆಳೆಯರ ಗುಂಪಿಗೆ ಈಜೆನ್.

ಮುಂಗಡ ಕೊಡುವ ಮುಂಚಿನ ಭಾನುವಾರ ಎಲ್ಲರೂ ಕೂಡಿ ಬೆಳಗಿನ 5ಕ್ಕೆ ಉಣಕಲ್ಲಿನ ನೃಪತುಂಗ ಬೆಟ್ಟವನ್ನು ಮೂರು ಸಲ ಹತ್ತಿ ಇಳಿಯಿರಿ. ಗದಗಿನವರಿಗೆ ಕಪ್ಪತಗುಡ್ಡ ಇದ್ದೇ ಇದೆ. ಮರುದಿನ ಬೆಳಿಗ್ಗೆ ಮನೆಯ ಮೆಟ್ಟಿಲು ಇಳಿಯುವಾಗ ಯಾರು ಕಟಾಂಜನ ಹಿಡಿದು ಇಳಿಯುತ್ತಾರೆ ಎಂದು ನೋಡಿ, ಅವರ ಕಾಲಿಗೆ ಒಪ್ಪುವ ಗುಡ್ಡಕ್ಕೆ ಮುಂಗಡ ಕೊಡಿ.